ಬಾಯಿಮಾತಿನ ಬಜಾರು

ಕಲಬುರಗಿಗೆ ಹೊಸದಾಗಿ ಬಂದವರಿಗೆ ಸೂಪರ್ ಮಾರ್ಕೆಟ್ ಎಂಬ ಹೆಸರು ಸ್ವಲ್ಪ ದಾರಿ ತಪ್ಪಿಸುತ್ತದೆ. ಗಾಜಿನ ಬಾಗಿಲು, ತಂಪು ಗಾಳಿ, ಸಾಲಾಗಿ ಜೋಡಿಸಿಟ್ಟ ಡಬ್ಬಿಗಳಿರುವ ಒಂದು ದೊಡ್ಡ ಅಂಗಡಿಯನ್ನು ಅವರು ಹುಡುಕುತ್ತಾರೆ. ನಮ್ಮಲ್ಲಿ ಸೂಪರ್ ಮಾರ್ಕೆಟ್ ಎಂದರೆ ಒಂದು ಅಂಗಡಿಯಲ್ಲ, ಊರಿನ ನಡುವಿನ ಒಂದು ಇಡೀ ಬಜಾರು. ಸಿಟಿ ಬಸ್ಸುಗಳು ಬಂದು ನಿಲ್ಲುವುದು ಇಲ್ಲಿಯೇ. ಸೀರೆ, ಪಾತ್ರೆ, ಬಳೆ, ಚಪ್ಪಲಿ, ಕಾಯಿಪಲ್ಲೆ, ಮಕ್ಕಳ ಶಾಲೆಯ ಚೀಲ ಸಿಗುವುದೂ ಇಲ್ಲಿಯೇ. ಹಬ್ಬ ಹತ್ತಿರ ಬಂತೆಂದರೆ ಕಾಲಿಡಲು ಜಾಗವಿರುವುದಿಲ್ಲ.

ಇಷ್ಟೊಂದು ಅಂಗಡಿಗಳ ನಡುವೆ ಒಬ್ಬ ಹೆಣ್ಣುಮಗಳು ಯಾವ ಅಂಗಡಿಯ ಮೆಟ್ಟಿಲು ಹತ್ತುತ್ತಾಳೆ? ಬೋರ್ಡು ನೋಡಿ ಹತ್ತುವುದು ಅಪರೂಪ. "ಈ ಅಸ್ತರ ಎಲ್ಲಿ ತಗೊಂಡೀರಿ ಅಕ್ಕಾ? ಒಗೆದ ಮ್ಯಾಲೆ ಬಣ್ಣ ಬಿಡಲಿಲ್ಲೇನು?" ಎಂದು ಪಕ್ಕದ ಮನೆಯವರನ್ನು ಕೇಳಿಕೊಂಡೇ ಬಂದಿರುತ್ತಾಳೆ. ಗಿರಾಕಿಯೊಬ್ಬಳು ಇನ್ನೊಬ್ಬ ಗಿರಾಕಿಗೆ ಹೇಳುವ ಈ ಮಾತಿನ ಮೇಲೆಯೇ ಎಷ್ಟೋ ಸಣ್ಣ ಅಂಗಡಿಗಳ ಬದುಕು ನಿಂತಿದೆ. ಈಗ ಅದೇ ಬಾಯಿಮಾತು ಮೊಬೈಲಿನೊಳಗೆ ಹೋಗಿ ಕುಳಿತು 'ರಿವ್ಯೂ' ಎಂಬ ಹೆಸರು ಪಡೆದುಕೊಂಡಿದೆ. ಒಂದರಿಂದ ಐದು ನಕ್ಷತ್ರ, ಕೆಳಗೆ ನಾಲ್ಕು ಸಾಲು. ಹೆಸರು ಹೊಸದು, ಕೆಲಸ ಬಹಳ ಹಳೆಯದು. ಈ ಕೆಲಸ ನಡೆದುಬಂದ ದಾರಿಯನ್ನು ಒಮ್ಮೆ ಹಿಂತಿರುಗಿ ನೋಡಿದರೆ, ಅದರಲ್ಲಿ ನಮ್ಮ ಪಾಲಿನ ಜವಾಬ್ದಾರಿ ಎಷ್ಟು ಎಂಬುದೂ ತಿಳಿಯುತ್ತದೆ.

ಬರೆದಿಟ್ಟ ಗಿರಾಕಿಯ ಮಾತುಗಳಲ್ಲಿ ಅತ್ಯಂತ ಹಳೆಯದೆಂದು ಹೆಸರಾದದ್ದು ಒಂದು ದೂರು. ಇಂದಿನ ಇರಾಕಿನಲ್ಲಿದ್ದ ಉರ್ ಪಟ್ಟಣದ ಏಯ-ನಾಸಿರ್ ಎಂಬ ತಾಮ್ರದ ವ್ಯಾಪಾರಿಗೆ, ಕ್ರಿಸ್ತಪೂರ್ವ 1750ರ ಸುಮಾರಿಗೆ, ನನ್ನಿ ಎಂಬ ಗಿರಾಕಿ ಜೇಡಿಮಣ್ಣಿನ ಹಲಗೆಯ ಮೇಲೆ ಪತ್ರ ಬರೆಸಿದ. ಕೊಟ್ಟ ತಾಮ್ರ ಕಳಪೆಯದು, ತಾನು ಕಳುಹಿಸಿದ ಆಳನ್ನು ಅವಮಾನ ಮಾಡಿ ವಾಪಸು ಕಳಿಸಿದ್ದೀ ಎಂಬುದು ಅದರ ಸಾರ. ಆ ಹಲಗೆ ಇಂದು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. ಮೂರು ಸಾವಿರದ ಏಳುನೂರು ವರ್ಷಗಳಾದರೂ ಆ ವ್ಯಾಪಾರಿಯ ಹೆಸರಿಗೆ ಅಂಟಿದ ಮಸಿ ಹೋಗಿಲ್ಲ. ಒಳ್ಳೆಯ ತಾಮ್ರ ಪಡೆದು ಖುಷಿಯಿಂದ ಮನೆಗೆ ಹೋದ ಗಿರಾಕಿಗಳೂ ಅವನಿಗೆ ಇದ್ದಿರಬೇಕಲ್ಲವೆ? ಸಿಟ್ಟು ಬಂದವರು ಬರೆಯುತ್ತಾರೆ, ಸಮಾಧಾನವಾದವರು ಸುಮ್ಮನಿರುತ್ತಾರೆ. ಮನುಷ್ಯರ ಈ ಸ್ವಭಾವ ಅಂದಿನಿಂದ ಇಂದಿನವರೆಗೂ ಹಾಗೆಯೇ ಇದೆ.

ಇನ್ನು ನಮ್ಮ ನಾಡಿಗೆ ಬರೋಣ. ಹನ್ನೊಂದು, ಹನ್ನೆರಡನೆಯ ಶತಮಾನಗಳಲ್ಲಿ ಇಲ್ಲಿ ಅಯ್ಯಾವೊಳೆ ಐನೂರ್ವರೆಂಬ ದೊಡ್ಡ ವರ್ತಕ ಸಂಘವಿತ್ತು. ಐಹೊಳೆಯಿಂದ ಹೆಸರು ಪಡೆದ ಈ ಸಂಘದ ಶಾಸನಗಳು ಕರ್ನಾಟಕದಲ್ಲಷ್ಟೇ ಅಲ್ಲ, ತಮಿಳುನಾಡು, ಆಂಧ್ರಗಳಲ್ಲಿಯೂ ಸಿಕ್ಕಿವೆ. ಸಮುದ್ರದಾಚೆಯ ಸುಮಾತ್ರಾ ದ್ವೀಪದಲ್ಲಿ 1088ರ ಶಾಸನವೊಂದು ಇದೆ. ಆನೆ, ಕುದುರೆ, ರತ್ನ, ಗಂಧದ್ರವ್ಯಗಳನ್ನು ಹೊತ್ತು ದೇಶದೇಶ ತಿರುಗಿದ ಈ ವರ್ತಕರು ತಮ್ಮ ಶಾಸನಗಳ ಮೊದಲಿಗೆ ತಮ್ಮ ಸತ್ಯ, ಶೌರ್ಯ, ಧರ್ಮಗಳನ್ನು ಉದ್ದುದ್ದ ಬಣ್ಣಿಸಿಕೊಂಡಿದ್ದಾರೆ. ಓದಲು ಚೆನ್ನಾಗಿಯೇ ಇರುತ್ತದೆ. ಆದರೆ ಅದು ಮಾರುವವರು ತಮ್ಮ ಬಗ್ಗೆ ತಾವೇ ಹೇಳಿಕೊಂಡ ಮಾತು. ಮೆಣಸು ಕೊಂಡು ಮನೆಗೆ ಒಯ್ದವಳು ಏನೆಂದಳು ಎಂಬುದನ್ನು ಯಾರೂ ಕಲ್ಲಿನಲ್ಲಿ ಕೆತ್ತಿಸಲಿಲ್ಲ. ಅವಳ ಮಾತು ಬಾವಿಕಟ್ಟೆಯಲ್ಲಿ ಹುಟ್ಟಿ ಬಾವಿಕಟ್ಟೆಯಲ್ಲೇ ಉಳಿಯಿತು.

ಕೊಳ್ಳುವವರ ಪಕ್ಷ ಹಿಡಿದು ಬರೆದ ಗ್ರಂಥವೂ ಅದೇ ಕಾಲದ್ದು. ನಮ್ಮ ಜಿಲ್ಲೆಗೇ ಸೇರಿದ್ದು ಎಂಬುದು ನನಗೆ ಹೆಮ್ಮೆ. ಕಲ್ಯಾಣ ಚಾಲುಕ್ಯರ ಆರನೆಯ ವಿಕ್ರಮಾದಿತ್ಯ 1076ರಿಂದ 1126ರವರೆಗೆ ಆಳಿದ. ಅವನ ಕಾಲದ ವಿಜ್ಞಾನೇಶ್ವರರನ್ನು ಶಹಾಬಾದ ಹತ್ತಿರದ ಮರತೂರಿನವರೆಂದು ನಾವು ಗೌರವಿಸುತ್ತೇವೆ. ಯಾಜ್ಞವಲ್ಕ್ಯ ಸ್ಮೃತಿಗೆ ಅವರು ಬರೆದ 'ಮಿತಾಕ್ಷರಾ' ವ್ಯಾಖ್ಯಾನವನ್ನು ಆಸ್ತಿ ಪಾಲಿನ ವ್ಯಾಜ್ಯಗಳಲ್ಲಿ ಇಂದಿಗೂ ಹೆಸರಿಸುತ್ತಾರೆ. ಸ್ತ್ರೀಧನದ ಮಾತು ಬಂದಾಗ ನಮ್ಮ ಹೆಣ್ಣುಮಕ್ಕಳೂ ಆ ಹೆಸರು ಕೇಳಿರುತ್ತಾರೆ. ಅದೇ ಸ್ಮೃತಿಯಲ್ಲಿ ಬಜಾರಿನ ವಿಚಾರವೂ ಇದೆ ಎಂಬುದು ಹಲವರಿಗೆ ಗೊತ್ತಿರುವುದಿಲ್ಲ. ಸ್ವದೇಶದ ಸರಕಿಗೆ ನೂರಕ್ಕೆ 5, ಪರದೇಶದ ಸರಕಿಗೆ ನೂರಕ್ಕೆ 10 ಲಾಭ ಎಂದು ಅದು ಹೇಳುತ್ತದೆ. ತೂಕದಲ್ಲಿ, ಅಳತೆಯಲ್ಲಿ ಎಂಟನೆಯ ಒಂದು ಪಾಲು ಹೊಡೆದವನಿಗೆ 200 ಪಣ ದಂಡ. ಔಷಧಿ, ಎಣ್ಣೆ, ಉಪ್ಪು, ಧಾನ್ಯ, ಬೆಲ್ಲ ಮೊದಲಾದವುಗಳಲ್ಲಿ ಕಳಪೆ ವಸ್ತು ಬೆರೆಸಿದವನಿಗೆ 16 ಪಣ. ಇದು ನಮ್ಮ ಕಿರಾಣಿ ಚೀಟಿಯೇ ಅಲ್ಲವೆ?

ಅದಕ್ಕಿಂತ ನನ್ನ ಮನಸ್ಸಿಗೆ ಹಿಡಿಸಿದ್ದು ಇನ್ನೊಂದು ನಿಯಮ. ಕೊಂಡ ಮೇಲೆ ವಸ್ತುವನ್ನು ಪರೀಕ್ಷಿಸಿ ನೋಡಲು ಅಲ್ಲಿ ದಿನಗಳ ಲೆಕ್ಕ ಕೊಟ್ಟಿದ್ದಾರೆ. ಕಬ್ಬಿಣಕ್ಕೆ 1 ದಿನ, ಹಿಂಡುವ ದನಕ್ಕೆ 3 ದಿನ, ಹೊರೆ ಹೊರುವ ಪಶುವಿಗೆ 5 ದಿನ, ರತ್ನಕ್ಕೆ 7 ದಿನ, ಬೀಜಕ್ಕೆ 10 ದಿನ. ಬೀಜ ಮೊಳೆಯಲು ಕಾಲ ಬೇಕು, ಆಕಳು ಎಷ್ಟು ಹಾಲು ಕೊಡುತ್ತದೆಂದು ತಿಳಿಯಲು ಮೂರು ಹೊತ್ತಾದರೂ ಹಿಂಡಿ ನೋಡಬೇಕು. ಬಳಸಿ ನೋಡಿದವರ ಮಾತಿಗೆ ಮಾತ್ರ ತೂಕ ಎಂಬ ತಿಳಿವಳಿಕೆ ಇದರ ಹಿಂದಿದೆ. ಅದೇ ಪಟ್ಟಿಯಲ್ಲಿ ದಾಸ ದಾಸಿಯರಿಗೂ ಪರೀಕ್ಷೆಯ ಅವಧಿ ಹೇಳಿದೆ ಎಂಬುದನ್ನು ಮುಚ್ಚಿಡಬಾರದು. ಆ ಕಾಲದಲ್ಲಿ ಕೊಳ್ಳುವ ಹಕ್ಕು ಕೆಲವರದು. ಕೊಳ್ಳಲ್ಪಡುವ ದುಃಖ ಇನ್ನು ಕೆಲವರದು.

ಮುಂದೆ ನಮ್ಮ ಭಾಗ ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿತು. 1948ರ ಸೆಪ್ಟೆಂಬರಿನಲ್ಲಿ ಬಿಡುಗಡೆ ಆಗುವವರೆಗೆ ಹಾಗೆಯೇ ಇತ್ತು. ಸಂಸ್ಥಾನಕ್ಕೆ ತನ್ನದೇ ಆದ ಹಾಲಿ ಸಿಕ್ಕಾ ರೂಪಾಯಿ. ರೈಲು ಹತ್ತಿ ಸೋಲಾಪುರದಲ್ಲಿ ಇಳಿದರೆ ಬ್ರಿಟಿಷರ ಕಲ್ದಾರ್ ರೂಪಾಯಿ. ಸೇರು ಎಂಬ ಅಳತೆಯೂ ಊರಿಂದೂರಿಗೆ ಬೇರೆ. ದೇಶಕ್ಕೆಲ್ಲ ಒಂದೇ ಮೆಟ್ರಿಕ್ ತೂಕ ಅಳತೆಯ ಕಾನೂನು ಬಂದದ್ದು 1956ರಲ್ಲಿ, ಅದು ಎಲ್ಲೆಡೆ ಕಡ್ಡಾಯವಾಗಿ ಜಾರಿಯಾದದ್ದು 1960ರ ದಶಕದ ಮೊದಲ ವರ್ಷಗಳಲ್ಲಿ. ಅಲ್ಲಿಯವರೆಗೆ ಓದು ಬರಹ ಬಾರದ ಹೆಣ್ಣುಮಕ್ಕಳು ಯಾವ ಧೈರ್ಯದ ಮೇಲೆ ಬಜಾರಿಗೆ ಹೋಗುತ್ತಿದ್ದರು? ಇಂಥವರ ತಕ್ಕಡಿ ನೆಟ್ಟಗಿದೆ, ಇಂಥವರು ಜೋಳದಲ್ಲಿ ಹಳ್ಳು ಬೆರೆಸುವುದಿಲ್ಲ ಎಂಬ ಒಬ್ಬರಿಗೊಬ್ಬರು ಹೇಳಿದ ಮಾತಿನ ಧೈರ್ಯದ ಮೇಲೆ. ಅಂಗಡಿಯವನಿಗಾದರೂ ಅಷ್ಟೆ, ಯಾರಿಗೆ ಉದ್ರಿ ಕೊಡಬಹುದು ಎಂದು ತಿಳಿಯಲು ಓಣಿಯ ಮಾತೇ ಆಧಾರ. ಅವನ ಉದ್ರಿ ಪುಸ್ತಕ ಎಂದರೆ ಅಂಗಡಿಯವನು ಗಿರಾಕಿಗಳ ಬಗ್ಗೆ ಬರೆದಿಟ್ಟ ಅಭಿಪ್ರಾಯವೇ ಸರಿ. ಗಿರಾಕಿಗಳು ಅವನ ಬಗ್ಗೆ ಹೇಳಿದ್ದು ಮಾತ್ರ ಯಾವ ಪುಸ್ತಕದಲ್ಲಿಯೂ ಸೇರಲಿಲ್ಲ.

ಪತ್ರಿಕೆಗಳು ಬಂದ ಮೇಲೆ ಗಿರಾಕಿಯ ಮಾತು ಅಚ್ಚಾಗತೊಡಗಿತು. ಔಷಧಿ, ಕೇಶತೈಲ, ಸಾಬೂನುಗಳ ಜಾಹೀರಾತಿನಲ್ಲಿ ಮೆಚ್ಚಿಕೆಯ ಪತ್ರಗಳು ಕಾಣಿಸಿಕೊಂಡವು. ಆದರೆ ಅಲ್ಲಿ ಅಚ್ಚು ಹಾಕಿಸುವವರು ಮಾರುವವರೇ ಆದ್ದರಿಂದ, ಯಾವ ಪತ್ರ ಬೆಳಕಿಗೆ ಬರಬೇಕು, ಯಾವುದು ಬುಟ್ಟಿಗೆ ಹೋಗಬೇಕು ಎಂಬುದು ಅವರ ಕೈಯಲ್ಲೇ ಇತ್ತು. 1986ರಲ್ಲಿ ಗ್ರಾಹಕರ ರಕ್ಷಣಾ ಕಾಯಿದೆ ಬಂದು ದೂರು ಕೊಡಲು ವೇದಿಕೆ ಸಿಕ್ಕಿತು. ಮೆಚ್ಚಿದವರು ಹೇಳಿಕೊಳ್ಳಲು ಮಾತ್ರ ಹಳೆಯ ಬಾವಿಕಟ್ಟೆಯೇ ಉಳಿಯಿತು. 1995ರಲ್ಲಿ ಅಮೆರಿಕದ ಅಮೆಜಾನ್ ಪುಸ್ತಕದಂಗಡಿ, ಕೊಂಡವರು ತಮಗೆ ತಿಳಿದಂತೆ ಒಳ್ಳೆಯದನ್ನೂ ಕೆಟ್ಟದ್ದನ್ನೂ ಬರೆಯಲು ಜಾಗ ಬಿಟ್ಟುಕೊಟ್ಟಿತು. ಮಾರುವವರೇ ತಮ್ಮ ಸರಕಿನ ಪಕ್ಕದಲ್ಲಿ ಗಿರಾಕಿಯ ದೂರನ್ನೂ ಇಟ್ಟದ್ದು ಅಂದಿಗೆ ವಿಚಿತ್ರವಾಗಿ ಕಂಡಿರಬೇಕು. ಇಂದು ಚಹಾದ ಬಂಡಿಗೂ ಆ ಜಾಗ ಸಿಕ್ಕಿದೆ.

ಇಷ್ಟೆಲ್ಲ ಬೇಕೆ, ನಮ್ಮ ಬಾಯಿಮಾತೇ ಸಾಲದೆ ಎಂದು ಕೆಲವರು ಕೇಳುತ್ತಾರೆ. ಅದಕ್ಕೆ ಉತ್ತರವನ್ನು ಕಮಲಾಪುರದಲ್ಲಿ ನೋಡಬಹುದು. ಕಲಬುರಗಿಯಿಂದ ಹುಮನಾಬಾದ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಮೂವತ್ತು ಚಿಲ್ಲರೆ ಕಿಲೋಮೀಟರು ದೂರದ ಊರು, 2018ರಿಂದ ತಾಲ್ಲೂಕು ಕೇಂದ್ರ. ಅಲ್ಲಿಯ ಕೆಂಪು ಬಾಳೆಹಣ್ಣಿಗೆ ಭೌಗೋಳಿಕ ಸೂಚಕದ ಮಾನ್ಯತೆ, ಅಂದರೆ ಜಿ.ಐ. ಟ್ಯಾಗ್, ದೊರೆತಿದೆ. ಬೇರೆ ಬಾಳೆ ಒಂದು ವರ್ಷದ ಬೆಳೆಯಾದರೆ ಇದಕ್ಕೆ ಒಂದೂವರೆ ವರ್ಷ ಬೇಕು. ಖರ್ಚು ಹೆಚ್ಚು, ಬೆಲೆಯೂ ಹೆಚ್ಚು. ಶ್ರೀಮಂತರ ಹಣ್ಣು ಎಂಬ ಮಾತೇ ಇದೆ. ಸಿಪ್ಪೆ ಕೆಂಪಾಗಿದ್ದರೂ ತಿರುಳು ಕೆನೆಯ ಬಣ್ಣದ್ದು.

ಆ ರಸ್ತೆಯ ಬದಿಯಲ್ಲಿ ಬುಟ್ಟಿ ಇಟ್ಟುಕೊಂಡು ಕುಳಿತ ಹೆಣ್ಣುಮಗಳನ್ನೂ ಸೂಪರ್ ಮಾರ್ಕೆಟ್ಟಿನ ಬಳೆಗಾರನನ್ನೂ ಹೋಲಿಸಿ ನೋಡಿ. ಬಳೆಗಾರನ ಗಿರಾಕಿ ನಾಗರಪಂಚಮಿಗೆ ಬಂದವಳು ದೀಪಾವಳಿಗೂ ಬರುತ್ತಾಳೆ, ತಂಗಿಯನ್ನೂ ಕರೆತರುತ್ತಾಳೆ. ಅವನು ಕಳಪೆ ಬಳೆ ಕೊಟ್ಟರೆ ಮರುವಾರವೇ ಬಿಸಿ ತಟ್ಟುತ್ತದೆ. ಹಣ್ಣಿನವಳ ಗಿರಾಕಿ ಕಾರಿನಲ್ಲೋ ಬಸ್ಸಿನಲ್ಲೋ ಬೀದರಿಗೆ ಹೊರಟವನು. ಹಣ್ಣು ಕೊಂಡ, ಹೋದ, ಮನೆಯಲ್ಲಿ ಎಲ್ಲರೂ ಸವಿದು ತಿಂದರು. ಆ ಮೆಚ್ಚಿಕೆ ಅವಳ ಬುಟ್ಟಿಯವರೆಗೆ ತಿರುಗಿ ಬರುವುದಿಲ್ಲ. ನಾಳೆ ಬರುವ ಪ್ರವಾಸಿಗೆ ಇವಳು ಹಣ್ಣಾಗಿಸಿದ್ದನ್ನೇ ಕೊಡುತ್ತಾಳೆ, ಕಾಯಿ ಕೊಟ್ಟು ಮೋಸ ಮಾಡುವುದಿಲ್ಲ ಎಂದು ಹೇಳುವವರು ಯಾರು? ಕಮಲಾಪುರ ಎಂಬ ಹೆಸರಿನ ಲಾಭ ಅಲ್ಲಿ ಕುಳಿತ ಎಲ್ಲರಿಗೂ ಸಿಗುತ್ತದೆ, ಕೆಲವೊಮ್ಮೆ ಕಮಲಾಪುರದ್ದಲ್ಲದ ಹಣ್ಣಿಗೂ ಸಿಗಬಹುದು. ಪ್ರಾಮಾಣಿಕಳಾದ ಒಬ್ಬಳನ್ನು ಗುರುತಿಸಿ ತೋರಿಸುವುದು ತಿಂದವರ ಮಾತು ಮಾತ್ರ. ದಾರಿಹೋಕರ ಬಾಯಿಮಾತು ದಾರಿಯಲ್ಲೇ ಕರಗುತ್ತದೆ. ಬರೆದಿಟ್ಟರೆ ಮುಂದಿನ ದಾರಿಹೋಕರಿಗೆ ಕಾಣುತ್ತದೆ.

ಕಲಬುರಗಿಯೂ ಈಗ ಬರೀ ಪರಿಚಯದವರ ಊರಾಗಿ ಉಳಿದಿಲ್ಲ. ಖ್ವಾಜಾ ಬಂದೇನವಾಜರ ಉರುಸಿಗೆ, ಹೋಳಿಯ ನಂತರದ ಶರಣಬಸವೇಶ್ವರರ ಜಾತ್ರೆಗೆ ಪರ ಊರಿನವರು ಹಿಂದಿನಿಂದಲೂ ಬರುತ್ತಿದ್ದರು. 2009ರಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯ ಬಂತು, 2019ರ ನವೆಂಬರಿನಲ್ಲಿ ವಿಮಾನ ನಿಲ್ದಾಣ ತೆರೆಯಿತು. ಹೊರಗಿನಿಂದ ಬಂದ ಹುಡುಗಿಗೆ ಇಲ್ಲಿ ಪಕ್ಕದ ಮನೆ ಅಕ್ಕನಿಲ್ಲ, ಅವಳಿಗೆ ಮೊಬೈಲೇ ಅಕ್ಕ. ಆ ಅಕ್ಕನಿಗೆ ನಾವು ಏನನ್ನೂ ಹೇಳದಿದ್ದರೆ, ಅವಳು ಜಾಹೀರಾತು ಕೊಟ್ಟ ದೊಡ್ಡ ಅಂಗಡಿಯ ದಾರಿಯನ್ನೇ ತೋರಿಸುತ್ತಾಳೆ.

ಇದು ಬರೀ ನನ್ನ ಊಹೆಯಲ್ಲ. 2011ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಮೈಕೆಲ್ ಲೂಕಾ ಎಂಬ ವಿದ್ವಾಂಸರು ಅಮೆರಿಕದ ಸಿಯಾಟಲ್ ನಗರದ ಹೋಟೆಲುಗಳ ಲೆಕ್ಕ ತೆಗೆದು ನೋಡಿದರು. ಗಿರಾಕಿಗಳು ಕೊಟ್ಟ ನಕ್ಷತ್ರ ಒಂದು ಹೆಚ್ಚಾದರೆ ವ್ಯಾಪಾರ ನೂರಕ್ಕೆ 5ರಿಂದ 9ರಷ್ಟು ಏರುತ್ತದೆಂದು ಅವರು ಕಂಡುಕೊಂಡರು. ಗಮನಿಸಬೇಕಾದ್ದು ಮುಂದಿನ ಮಾತು. ಈ ಏರಿಕೆ ಕಂಡದ್ದು ಸ್ವಂತ ಸಣ್ಣ ಹೋಟೆಲುಗಳಲ್ಲಿ. ಊರೂರಿಗೆ ಶಾಖೆ ಇರುವ ದೊಡ್ಡ ಕಂಪನಿಗಳ ಹೋಟೆಲುಗಳಲ್ಲಿ ಕಾಣಲಿಲ್ಲ. ದೊಡ್ಡವರಿಗೆ ಅವರ ಹೆಸರೇ ಸಾಕು. ಗಿರಾಕಿಯ ನಾಲ್ಕು ಸಾಲು ಬೇಕಾದದ್ದು ಸಣ್ಣವರಿಗೆ.

ನಮ್ಮ ಓಣಿಯಲ್ಲಿ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಮಾಡಿ ಮಾರುವ ಒಬ್ಬ ತಾಯಿ ಇದ್ದಾರೆ. ಬೆಳಗಿನ ನಾಲ್ಕು ಗಂಟೆಗೆ ಅವರ ಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ ಶುರುವಾಗುತ್ತದೆ. ಅದರ ಮೇಲೆ ಇಬ್ಬರು ಮಕ್ಕಳ ಓದು ನಡೆದಿದೆ. ಮಗ ಅಂಗಡಿಯ ಹೆಸರನ್ನು ಮೊಬೈಲಿನ ನಕಾಶೆಯಲ್ಲಿ ಸೇರಿಸಿದ. ಮೊದಲ ತಿಂಗಳು ಯಾರೂ ಏನೂ ಬರೆಯಲಿಲ್ಲ. ಎರಡನೆಯ ತಿಂಗಳು ಯಾರೋ ಒಂದೇ ನಕ್ಷತ್ರ ಕೊಟ್ಟು, ಅಂಗಡಿಯಲ್ಲಿ ಮಾಡದೇ ಇರುವ ತಿಂಡಿಯ ಹೆಸರು ಹಾಕಿ, ಕೆಟ್ಟದಾಗಿದೆ ಎಂದು ಬರೆದುಬಿಟ್ಟರು. ಆ ಒಂದು ಮಾತೇ ಅಂಗಡಿಯ ಹಣೆಬರಹವಾಗಿ ನಿಂತಿತು.

"ಟೀಚರ್ರೀ, ರೊಟ್ಟಿ ತಿಂದವರು ಮನೀಗೆ ಬಂದು ಛಲೋ ಅವ ಅಂತಾರ. ತಿನ್ನಲಾರದವರು ಫೋನಿನಾಗ ಕೆಟ್ಟ ಅವ ಅಂತ ಬರೀತಾರ. ಯಾರ ಮಾತು ನಡೀತದ ನೀವೇ ಹೇಳ್ರಿ" ಎಂದರು ಅವರು. ನನಗೆ ಏಯ-ನಾಸಿರನ ಹಲಗೆ ನೆನಪಾಯಿತು.

ಇಷ್ಟು ರೊಕ್ಕ ಕೊಟ್ಟರೆ ಐವತ್ತು ಒಳ್ಳೆಯ ಅಭಿಪ್ರಾಯ ಹಾಕಿಸಿಕೊಡುತ್ತೇನೆ ಎಂದು ಒಬ್ಬ ಹುಡುಗನೂ ಬಂದನಂತೆ. "ನನ್ನ ರೊಟ್ಟಿ ತಿನ್ನಲಾರದವರ ಬಾಯಿಲೆ ಹೊಗಳಿಸಿಕೊಂಡು ಏನ್ ಮಾಡ್ಲಿ?" ಎಂದು ಅವರು ಅವನನ್ನು ಕಳಿಸಿಬಿಟ್ಟರು. ಶಾಲೆಯ ಮೆಟ್ಟಿಲು ಹತ್ತದ ಆ ತಾಯಿಗೆ ತಿಳಿದ ಈ ನ್ಯಾಯವನ್ನು ಸರಕಾರಗಳು ಈಚೆಗೆ ನಿಯಮವಾಗಿ ಬರೆದಿವೆ. ಭಾರತೀಯ ಮಾನಕ ಬ್ಯೂರೋ 2022ರ ನವೆಂಬರಿನಲ್ಲಿ ಐ.ಎಸ್. 19000 ಎಂಬ ಮಾನದಂಡವನ್ನು ತಂದಿತು. ಅಭಿಪ್ರಾಯ ಬರೆದವರು ನಿಜವಾದ ಗಿರಾಕಿಯೇ ಎಂದು ನೋಡಬೇಕು, ದುಡ್ಡು ಕೊಟ್ಟು ಬರೆಸಿದ್ದನ್ನು ಪ್ರಕಟಿಸಬಾರದು ಎಂಬುದು ಅದರ ಆಶಯ. ಅಮೆರಿಕದಲ್ಲಿ 2024ರ ಅಕ್ಟೋಬರಿನಿಂದ ಸುಳ್ಳು ಅಭಿಪ್ರಾಯಗಳನ್ನು ಕೊಳ್ಳುವುದಕ್ಕೂ ಮಾರುವುದಕ್ಕೂ ನಿಷೇಧವಿದೆ. ಒಳ್ಳೆಯದು ಬರೆದರೆ ರಿಯಾಯಿತಿ ಕೊಡುತ್ತೇನೆ ಎನ್ನುವುದನ್ನು ಗೂಗಲ್ ನಿಯಮಗಳೂ ಒಪ್ಪುವುದಿಲ್ಲ.

ಹಾಗಾದರೆ ಸಣ್ಣ ವ್ಯಾಪಾರಿ ಮಾಡಬೇಕಾದ್ದೇನು? ಕೇಳಬೇಕು, ಅಷ್ಟೇ. ನಮ್ಮ ಹೆಣ್ಣುಮಕ್ಕಳಿಗೆ ಕೇಳುವುದಕ್ಕೇ ಸಂಕೋಚ. ರೊಟ್ಟಿ ಕಟ್ಟಿಕೊಡುವಾಗ, "ತಿಂದು ನೋಡ್ರಿ, ಹೆಂಗಿತ್ತೋ ಹಂಗೇ ಬರೀರಿ" ಎಂದು ಹೇಳುವುದರಲ್ಲಿ ಸಣ್ಣತನವೇನೂ ಇಲ್ಲ. ಮೆಚ್ಚುವವರನ್ನಷ್ಟೇ ಆರಿಸಿ ಕೇಳಬಾರದು, ಎಲ್ಲರನ್ನೂ ಕೇಳಬೇಕು. ಯಾರಾದರೂ ಕೊರತೆ ಬರೆದರೆ ಜಗಳಕ್ಕೆ ನಿಲ್ಲದೆ, ಏನು ಸರಿಪಡಿಸಿದೆವೆಂದು ಅದರ ಕೆಳಗೇ ಎರಡು ಮಾತಿನ ಉತ್ತರ ಬರೆಯಬೇಕು. ನಮ್ಮ ಓಣಿಯ ತಾಯಿ ಹಾಗೆ ಕೇಳತೊಡಗಿದ ಮೇಲೆ ಹನ್ನೊಂದು ಮಂದಿ ಬರೆದರು. ಅವರಲ್ಲಿ ಒಬ್ಬರು ಹಿಂಡಿಗೆ ಉಪ್ಪು ಸ್ವಲ್ಪ ಮುಂದಾಗಿತ್ತು ಎಂದೂ ಬರೆದರು. ಆ ಮಾತಿನಿಂದ ಉಳಿದ ಹತ್ತು ಮಾತುಗಳು ನಂಬುವಂತಾದವು.

ಬರೆಯುವ ನಮಗೂ ಸ್ವಲ್ಪ ಅಭ್ಯಾಸ ಬೇಕು. ಒಮ್ಮೆ ಒಂಬತ್ತನೆಯ ತರಗತಿಯ ಹುಡುಗಿಯರಿಗೆ, ನಿಮಗೆ ಗೊತ್ತಿರುವ ಒಂದು ಅಂಗಡಿಯ ಬಗ್ಗೆ ಐದು ವಾಕ್ಯ ಬರೆಯಿರಿ ಎಂದು ಹೇಳಿದೆ. ಹೆಚ್ಚಿನವರು 'ಬಹಳ ಚೆನ್ನಾಗಿದೆ' ಎಂಬುದನ್ನೇ ಐದು ರೀತಿ ಬರೆದಿದ್ದರು. ಒಬ್ಬಳು ಮಾತ್ರ ಸೂಪರ್ ಮಾರ್ಕೆಟ್ಟಿನ ಬಳೆಗಾರನ ಬಗ್ಗೆ, ಅವನು ಕೈ ಹಿಸುಕಿ ಮೆತ್ತಗೆ ಬಳೆ ಏರಿಸುತ್ತಾನೆ, ತೊಡಿಸುವಾಗ ಒಡೆದ ಬಳೆಗೆ ದುಡ್ಡು ತೆಗೆದುಕೊಳ್ಳುವುದಿಲ್ಲ, ಸಂಜೆ ಹೋದರೆ ಗದ್ದಲ ಜಾಸ್ತಿ ಎಂದು ಬರೆದಿದ್ದಳು. ನಾನು ಅದನ್ನು ತರಗತಿಗೆಲ್ಲ ಓದಿ ಹೇಳಿದೆ. ಆ ಮೂರು ವಾಕ್ಯ ಕೇಳಿದ ಹುಡುಗಿಯರಲ್ಲಿ ನಾಲ್ವರು ಆ ಅಂಗಡಿ ಎಲ್ಲಿದೆ ಎಂದು ಕೇಳಿದರು. ಏನು ಕೊಂಡೆ, ಹೇಗಿತ್ತು, ಎಷ್ಟು ದಿನ ಬಾಳಿತು, ಕೊರತೆ ಏನು ಎಂದು ಹೇಳಿದರೆ ಸಾಕು, ವಿಶೇಷಣಗಳು ಬೇಕಿಲ್ಲ. ಮರತೂರಿನ ಪಂಡಿತರು ವಿವರಿಸಿದ ಪರೀಕ್ಷೆಯ ದಿನಗಳನ್ನೂ ನೆನಪಿಡಬೇಕು. ಸೀರೆಯನ್ನು ಒಗೆಯುವ ಮೊದಲೇ, ಹಣ್ಣನ್ನು ತಿನ್ನುವ ಮೊದಲೇ ನಕ್ಷತ್ರ ಹಂಚಬಾರದು. ಕನ್ನಡದಲ್ಲಿ ಬರೆಯಲು ನಾಚಬೇಕಿಲ್ಲ, ನಮ್ಮೂರ ಅಂಗಡಿಯವರು ಓದಿ ತಿದ್ದಿಕೊಳ್ಳುವುದು ಅದನ್ನೇ.

ಕಲಬುರಗಿ ತೊಗರಿಗೆ 2019ರಲ್ಲಿ ಜಿ.ಐ. ಮಾನ್ಯತೆ ಸಿಕ್ಕಿತು. ಸ್ವಸಹಾಯ ಸಂಘಗಳ ಮಹಿಳೆಯರು ಮಾಡಿದ ರೊಟ್ಟಿಯನ್ನು ಜಿಲ್ಲಾಡಳಿತವು 'ಕಲಬುರಗಿ ರೊಟ್ಟಿ' ಎಂಬ ಹೆಸರಿನಲ್ಲಿ ಹೊರಗಿನ ಮಾರುಕಟ್ಟೆಗೆ ತಂದಿದೆ. ಇವು ಸಂತೋಷದ ಸಂಗತಿಗಳು. ಆದರೆ ಸರಕಾರ ಊರಿಗೆ ಹೆಸರು ಕೊಡಬಲ್ಲದು, ಓಣಿಯ ಒಂದೊಂದು ಒಲೆಯ ಗುಣವನ್ನು ಹೇಳಲಾರದು. ಅದನ್ನು ಬಲ್ಲವರು ಉಂಡವರು, ಉಟ್ಟವರು, ತೊಟ್ಟವರು, ಅಂದರೆ ನಾವು. ಶತಮಾನಗಳ ಕಾಲ ನಮ್ಮ ಈ ತಿಳಿವಳಿಕೆಯನ್ನು ಯಾರೂ ಬರೆದಿಡಲಿಲ್ಲ, ಬರೆಯಲು ನಮಗೆ ಅಕ್ಷರವನ್ನೂ ಕೊಡಲಿಲ್ಲ. ಈಗ ಅಕ್ಷರವೂ ಇದೆ, ಕೈಯಲ್ಲಿ ಮೊಬೈಲೂ ಇದೆ. ಮದುವೆ ಮನೆಯ ಫೋಟೋ ಕಳಿಸುವಷ್ಟು ಹೊತ್ತಿನಲ್ಲಿ, ಆ ಮದುವೆಗೆ ರವಿಕೆ ಹೊಲಿದುಕೊಟ್ಟ ದರ್ಜಿಯ ಬಗ್ಗೆ ನಾಲ್ಕು ನಿಜವಾದ ಸಾಲು ಬರೆಯಲು ಸಾಧ್ಯವಿದೆ. ಅವಳಿಗೆ ಮುಂದಿನ ಸುಗ್ಗಿಯವರೆಗೆ ಕೆಲಸ ಸಿಗಲು ಅಷ್ಟು ಸಾಕಾಗಬಹುದು.